ಗೋಡೆಯ ಮೇಲೆ ಗೂಬೆ ಕೂರಿಸಿದಾಕೆ

ಬೆಳಗಿನ ಐದೂವರೆ. ಬಸ್ ಡಿಪೋದ ಶೆಡ್ಡಿನಲ್ಲಿ ಉದ್ದ ಹಿಡಿಯ ಪೊರಕೆ ಸರಸರ ಓಡುತ್ತಿದೆ. ಇದ್ದಕ್ಕಿದ್ದಂತೆ ಅದು ನಿಲ್ಲುತ್ತದೆ, ಗುಡಿಸುವಾಕೆ ತಲೆ ಎತ್ತುತ್ತಾರೆ. ಬಿಳಿ ಮುಖದ ಗೂಬೆಯೊಂದು ಸದ್ದಿಲ್ಲದೆ ಒಳಗೆ ಬಂದು ತೊಲೆಯ ಮೇಲೆ ಕೂತು, ಕತ್ತು ತಿರುಗಿಸಿ ಕೆಳಗೆ ನೋಡುತ್ತದೆ. ಅದಕ್ಕಿರುವುದು ಒಂದೇ ಕಣ್ಣು. "ಬಂದ್ಯಾ? ಲೇಟಾಯ್ತಲ್ಲ ಇವತ್ತು," ಎಂದು ಗದರಿ ಆಕೆ ಮತ್ತೆ ಗುಡಿಸತೊಡಗುತ್ತಾರೆ.

ಡಿಪೋದವರು ಇವರನ್ನು ಕರೆಯುವುದು ‘ಗೂಬಕ್ಕ’ ಎಂದು. ಮೊದಮೊದಲು ಅದು ಗೇಲಿ. ಈಗ ಹಾಗೆ ಕರೆಯುವಾಗ ಡ್ರೈವರುಗಳ ದನಿಯಲ್ಲಿ ಕೊಂಚ ಜಂಬವೇ ಇದೆ. ಇರದೇ ಏನು? ಊರಿನ ಗ್ರಂಥಾಲಯದ ಹೊಸ ಗೋಡೆಯ ಮೇಲಿರುವ ಆಳೆತ್ತರದ ಗೂಬೆಯನ್ನು ಮಾಡಿದವರು ಇವರು. ಕಂಡವರ ಮೇಲೆ ಗೂಬೆ ಕೂರಿಸುವವರು ಎಲ್ಲ ಕಚೇರಿಗಳಲ್ಲೂ ಸಿಗುತ್ತಾರೆ. ಗೋಡೆಯ ಮೇಲೆ ಕೂರಿಸಿ ಗೆದ್ದವರು ನನಗೆ ಗೊತ್ತಿದ್ದಂತೆ ಇವರೊಬ್ಬರೇ.

ದಿನಕ್ಕೆ ಅರವತ್ತೆರಡು ಬಸ್ಸು, ಹನ್ನೊಂದು ಚೀಲ ಕಸ. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಧೂಳಿನ ಕೆಮ್ಮು, ಸೊಂಟನೋವು ಎರಡೂ ಸಂಬಳದ ಜೊತೆಗೇ ಬಂದವು ಎಂದು ನಗುತ್ತಾರೆ. ಆ ಕಸವೇ ಇವರ ಬಣ್ಣದ ಪೆಟ್ಟಿಗೆ. ಹರಿದ ಟಿಕೆಟ್‌ಗಳನ್ನು ಒಂದರ ಮೇಲೊಂದು ಅಂಟಿಸಿದರೆ ಗರಿ, ಹಳೆ ಸೀಟಿನ ಸ್ಪಂಜು ಕೊರೆದರೆ ಮುಖ, ಪಂಕ್ಚರಾದ ಟ್ಯೂಬು ಕತ್ತರಿಸಿದರೆ ರೆಕ್ಕೆ. ಕಂದು ಛಾಯೆಗೆ ಸುಟ್ಟ ಇಂಜಿನ್ ಆಯಿಲ್. ಡಿಪೋದ ಹಿಂದಿನ ಪೊದೆಯಲ್ಲಿ ಕಂಡ ಅಳಿಲು, ಮುಂಗುಸಿಗಳೆಲ್ಲ ಹೀಗೇ ತಯಾರಾಗಿ ಒಂದೇ ಕೋಣೆಯ ಮನೆಯಲ್ಲಿ ಮಂಚದ ಕೆಳಗೆ ಸೇರಿವೆ. ಮಲಗಿದರೆ ಮುಂಗುಸಿ ಬೆನ್ನು ಚುಚ್ಚುತ್ತದೆ ಎಂಬುದು ಅತ್ತೆಯ ನಿತ್ಯದ ದೂರು.

ಗೂಬೆಯ ಕಥೆಯೇ ಬೇರೆ. ಆರು ವರ್ಷದ ಹಿಂದೆ, ಮರಿಯಾಗಿದ್ದಾಗ, ಅದು ತೊಲೆಯಿಂದ ಬಿತ್ತು. ಕಾಗೆಗಳು ಮುತ್ತಿ ಎಡಗಣ್ಣು ಕುಕ್ಕಿದವು. ಪೊರಕೆ ಬೀಸಿ ಅವನ್ನು ಓಡಿಸಿದ್ದು ಇವರೇ. ಹಾಗಾಗಿ ಇವರು ಮಾಡಿದ ಗೂಬೆಗೂ ಒಂದೇ ಕಣ್ಣು, ಗೇರ್ ಲಿವರ್‌ನ ತುದಿಯ ಕರಿ ಗುಂಡು. ಹೊಸ ಗೋಡೆಗೆಂದು ಅದನ್ನು ಮಾಡಲು ಹೇಳಿದ್ದ ಗ್ರಂಥಾಲಯದ ಅಧಿಕಾರಿ ಒಪ್ಪಲಿಲ್ಲ. ನೋಡಿದವರು ಅರ್ಧಂಬರ್ಧ ಕೆಲಸ ಎನ್ನುತ್ತಾರೆ, ಶನಿವಾರದೊಳಗೆ ಇನ್ನೊಂದು ಕಣ್ಣು ಇಡಿ, ಇಲ್ಲವಾದರೆ ಗೋಡೆಗೆ ಬೇರೇನಾದರೂ ನೋಡಿಕೊಳ್ಳುತ್ತೇವೆ ಎಂದುಬಿಟ್ಟರು. ಇಟ್ಟರೆ ನಿನ್ನ ಗಂಟೇನು ಹೋಗುತ್ತದೆ ಎಂದು ಮನೆಯವರೂ ಹೇಳಿದರು. ಮೆಕ್ಯಾನಿಕ್ ಇನ್ನೊಂದು ಗುಂಡು ಹುಡುಕಿಯೂ ಕೊಟ್ಟ.

"ಗುಂಡು ಕೈಯಲ್ಲಿತ್ತು, ಅಂಟೂ ಇತ್ತು. ಕೈಯೇ ಏಳ್ಲಿಲ್ಲ ನೋಡಿ," ಎನ್ನುತ್ತಾರೆ ಗೂಬಕ್ಕ. ಬದಲಿಗೆ, ಶುಕ್ರವಾರ ಬೆಳಗ್ಗೆ ಶೆಡ್ಡಿಗೆ ಬನ್ನಿ ಎಂದು ಅಧಿಕಾರಿಯನ್ನೇ ಕರೆದರು.

ಅವರು ಆಕಳಿಸುತ್ತಲೇ ಬಂದರು. ಗೂಬೆಯೂ ಬಂತು. ತೊಲೆಯ ಮೇಲೆ ಕೂತು, ಕತ್ತು ತಿರುಗಿಸಿ, ಒಂಟಿ ಕಣ್ಣಿನಿಂದ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. ಆಕಳಿಕೆಗೆ ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ಅವರು ಹೇಳಿದ್ದು ಇಷ್ಟೇ: "ಅದೇ ಇದು ಅಲ್ವೇನಮ್ಮ... ಬೇಡ, ಏನೂ ಮುಟ್ಟಬೇಡಿ. ಹಾಗೇ ತನ್ನಿ."

ಗೂಬೆ ಗೋಡೆ ಏರಿ ಈಗ ಎರಡು ತಿಂಗಳು. ಅತ್ತೆ ವಾರಕ್ಕೆರಡು ಸಲ ಗ್ರಂಥಾಲಯಕ್ಕೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಇದು ನಮ್ಮ ಸೊಸೆ ಮಾಡಿದ್ದು ಎಂದು ಹೇಳಿ ಬರುತ್ತಾರೆ. ಮುಂಗುಸಿಯ ದೂರು ನಿಂತಿದೆ.

ಒಂದು ಕಣ್ಣಿಗಾಗಿ ಅಷ್ಟು ಹಟ ಯಾಕೆ ಎಂದು ಕೇಳುತ್ತೇನೆ. ಪೊರಕೆಯ ಹಿಡಿಗೆ ಗಲ್ಲ ಊರಿ ಅವರು ತೊಲೆಯತ್ತ ನೋಡುತ್ತಾರೆ.

"ಆರು ವರ್ಷದಿಂದ ನಾನು ಗುಡಿಸೋದನ್ನ ದಿನಾ ತಪ್ಪದೆ ನೋಡಿದ್ದು ಆ ಒಂದು ಕಣ್ಣೇ ಸರ್. ಈಗ ಊರೆಲ್ಲ ಅದನ್ನ ನೋಡ್ಲಿ."