ಕೆಂಪಿಯ ಗಾಳಿಬಾಯಿ, ಅಶ್ವತ್ಥನ ಮೀಸೆ

ತಾವರೆಕೆರೆ ಸೀಮೆಯಲ್ಲಿ ಪರ್ವತಯ್ಯನ ಹೆಸರು ಹೇಳಿದರೆ ಒಂದು ಕಾಲಕ್ಕೆ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವಂತೆ. ಅದು ಕಪಿಲೆ ಬಾವಿಗಳ ಕಾಲ. ತೊಗಲಿನ ದೊಡ್ಡ ಚೀಲವನ್ನು ಬಾವಿಗೆ ಇಳಿಬಿಟ್ಟು, ಎತ್ತುಗಳಿಂದ ಎಳೆಸಿ ತೋಟಕ್ಕೆ ನೀರು ಹಾಯಿಸುತ್ತಿದ್ದರು. ಆ ಚೀಲ ಹೊಲಿಯುವುದರಲ್ಲಿ ಪರ್ವತಯ್ಯನನ್ನು ಮೀರಿಸಿದವರಿರಲಿಲ್ಲ. ಬೇರೆಯವರ ಚೀಲ ನೀರಿನ ಮೇಲೆ ತೇಲಾಡಿ, ತೂಕಡಿಸಿ, ಕೊನೆಗೊಮ್ಮೆ ಮುಳುಗಿದರೆ, ಪರ್ವತಯ್ಯನ ಅಗಲ ಬಾಯಿಯ ಚೀಲ ಒಂದೇ ಮುಳುಗಿಗೆ ತುಂಬಿ ಮೇಲೇಳುತ್ತಿತ್ತು.

ಅವನ ಮಗ ಕದಿರಯ್ಯ. ಕಸುಬಿನಲ್ಲಿ ಅಪ್ಪನಿಗೆ ಸಮ, ಮೀಸೆಯಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ಕೇರಿಯವರು ಮೀಸೆ ತಿರುವಿದರೆ ಊರಿನವರ ಕಣ್ಣು ಕೆಂಪಾಗುತ್ತಿದ್ದ ದಿನಗಳಲ್ಲಿ ಅವನು ಎರಡೂ ತುದಿಯನ್ನು ಚೇಳಿನ ಕೊಂಡಿಯ ಹಾಗೆ ಎತ್ತಿಕೊಂಡು ನಡೆದವನು. ಒಬ್ಬ ಜಮೀನುದಾರ, 'ಮೀಸೆ ಇಳಿಸಿ ಕೂತ್ಕಂಡು ಹೊಲಿ' ಅಂದಾಗ ಕದಿರಯ್ಯ ಅರ್ಧ ಹೊಲಿದ ಚೀಲದಲ್ಲಿ ದಬ್ಬಳ ಚುಚ್ಚಿಟ್ಟು ಎದ್ದು ಬಂದ. ಸುತ್ತಿನ ಯಾವ ಕೇರಿಯವನೂ ಆ ದಬ್ಬಳ ಕೀಳಲಿಲ್ಲ. ಬಾಳೆತೋಟ ಒಣಗತೊಡಗಿದ ಮೇಲೆ ಜಮೀನುದಾರನೇ ಕೇರಿಗೆ ಬಂದು, 'ಹೆಂಗಾರ ಇರ್ಲಿ ಬಾರಪ್ಪ' ಅಂದ. ಕದಿರಯ್ಯ ಮೀಸೆಗೆ ಎಣ್ಣೆ ಹಚ್ಚಿಕೊಂಡು ಹೋಗಿ ಉಳಿದರ್ಧ ಹೊಲಿದು ಬಂದ.

ಅವನ ಮಗ ಸಣ್ಣರಂಗಯ್ಯನ ಕಾಲಕ್ಕೆ ಕಪಿಲೆಗಳು ಮೂಲೆ ಸೇರಿ ಆಯಿಲ್ ಇಂಜಿನ್ನುಗಳು ಬಂದವು. ಸಣ್ಣರಂಗಯ್ಯ ದಬ್ಬಳ ಬಿಟ್ಟು ಸ್ಪ್ಯಾನರ್ ಹಿಡಿದ. ಇಂಜಿನ್ನಿನ ಮೈಗೆ ಕಿವಿ ಕೊಟ್ಟು ಅದರ ಕಾಯಿಲೆ ಹೇಳುವುದನ್ನು ತಾನಾಗಿಯೇ ಕಲಿತ.

ಇಂಥವರ ವಂಶದ ಕುಡಿ, ಸಣ್ಣರಂಗಯ್ಯನ ಮಗ, ಶಿರಾದ ಅಶ್ವತ್ಥ. ಹೆದ್ದಾರಿಯ ಪಕ್ಕದಲ್ಲಿ ಅವನ ತಗಡಿನ ಗ್ಯಾರೇಜು. ಮುತ್ತಾತನ ಕಥೆ, ತಾತನ ಮೀಸೆ, ಅಪ್ಪನ ಕಿವಿ, ಮೂರೂ ಅವನ ಪಾಲಿಗೆ ಬಂದಿದ್ದವು. ನಾಲ್ಕನೆಯದನ್ನು ಹೆದ್ದಾರಿಯೇ ಕೊಟ್ಟಿತು. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಕೆಂಪು ಸ್ಪೋರ್ಟ್ಸ್ ಕಾರೊಂದು ಡಿವೈಡರಿಗೆ ಗುದ್ದಿ ಅಪ್ಪಚ್ಚಿಯಾಗಿ ಬಂದಿತ್ತು. ಗುಜರಿಗೆ ಹೋಗಬೇಕಿದ್ದ ಅದನ್ನು ಅಶ್ವತ್ಥ ಇಟ್ಟುಕೊಂಡ. ವರ್ಷಗಟ್ಟಲೆ ತಟ್ಟಿ, ತಿದ್ದಿ, ಅಲ್ಲೊಂದು ಇಲ್ಲೊಂದು ಬಿಡಿಭಾಗ ಹುಡುಕಿ ತಂದು ಎಬ್ಬಿಸಿ ನಿಲ್ಲಿಸಿದ. ಮನೆಯ ಹಸುವಿಗೆ ಇಡುವ ಹಾಗೆ ಅದಕ್ಕೆ 'ಕೆಂಪಿ' ಎಂದು ಹೆಸರಿಟ್ಟ. ಹೆಂಡತಿ ದಾಸಮ್ಮ ಶಾಲೆಯ ವ್ಯಾನು ಓಡಿಸುವವಳು. 'ಹಾಲು ಕೊಡ್ದಿರೋ ಹಸುಗೆ ಇಷ್ಟೊಂದು ಮೇವು' ಎಂದು ನಗುತ್ತಿದ್ದಳು. ಆದರೂ ಭಾನುವಾರ ಕೆಂಪಿಯ ಬೀಗದ ಕೈ ಅವಳ ಸೆರಗಿನಲ್ಲೇ ಇರುತ್ತಿತ್ತು.

ಕೆಂಪಿಗೆ ಹೊಸ ಥ್ರಾಟಲ್ ಬಾಡಿ ಬಂದದ್ದು ಈ ಬೇಸಗೆಯಲ್ಲಿ. ಇಂಜಿನ್ನು ಉಸಿರೆಳೆಯುವ ಬಾಯಿ ಅದು. ಅಲ್ಯೂಮಿನಿಯಮ್ಮಿನ ಗಿಡ್ಡ ಕೊಳವೆ, ಒಳಗೆ ನಾಣ್ಯದಂಥ ಒಂದು ಮುಚ್ಚಳ. ಆಕ್ಸಿಲರೇಟರ್ ತುಳಿದರೆ ತಂತಿ ಎಳೆದು ಮುಚ್ಚಳ ತೆರೆಯುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಕಂಪನಿಯದು ಟೀ ಲೋಟದ ಬಾಯಿಯಷ್ಟಿದ್ದರೆ, ಅಶ್ವತ್ಥ ಹೊರಗಿನಿಂದ ತರಿಸಿದ್ದು ಚೊಂಬಿನ ಬಾಯಿಯಷ್ಟಿತ್ತು. ಪೊಟ್ಟಣದ ಮೇಲೆ 'ಬಲ ಹೆಚ್ಚುತ್ತದೆ' ಎಂದು ಬರೆದಿತ್ತು. ಬರೆಯದಿದ್ದರೂ ಅವನು ನಂಬುತ್ತಿದ್ದ. ಮುತ್ತಾತನ ಅಗಲ ಬಾಯಿಯ ಚೀಲ ಅವನ ಕಣ್ಣೆದುರಿಗಿತ್ತು. ಕೂರಿಸಿ, ತುಳಿದ. ಕೆಂಪಿ ಕಟ್ಟು ಬಿಚ್ಚಿದ ಕರುವಿನ ಹಾಗೆ ಚಂಗನೆ ನೆಗೆಯಿತು.

ಅಂದು ಸಂಜೆ ಟೀ ಅಂಗಡಿಯ ಮುಂದೆ ಅವನ ಬಾಯಿಗೂ ಮುಚ್ಚಳವಿರಲಿಲ್ಲ.

'ಇಂಜಿನ್ ಬಲ ಏನಿಲ್ಲ ಅಂದ್ರೂ ಹತ್ತನೇ ಒಂದು ಪಾಲು ಏರೈತೆ ಕಣ್ಲಾ' ಎಂದ.

ಎದುರಿಗೆ ಕೂತವನು ಬಸವೇಶ್. ಕಡಲೆಕಾಯಿ ಮಂಡಿಯವನು, ಅಶ್ವತ್ಥನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಹಣೆಯ ವಿಭೂತಿ ಒಂದು ದಿನವೂ ತಪ್ಪದು, ನಾಲಗೆಯ ಕುಟುಕೂ ತಪ್ಪದು.

'ಲೇ, ನಮ್ಮ ಮಂಡೀಲಿ ಚೀಲದ ಬಾಯಿ ಅಗಲ ಮಾಡ್ದೇಟ್ಗೆ ಕಾಯಿ ಜಾಸ್ತಿ ಆಗೋದಾಗಿದ್ರೆ ನಾನು ಕತ್ರಿ ಹಿಡ್ಕಂಡೇ ಕೂತಿರ್ತಿದ್ದೆ.'

'ನಿಂಗೆ ಕಾಯಿ ತೂಗೋದು ಗೊತ್ತು. ಬಾಯಿ ವಿಚಾರ ನಮ್ಮ ವಂಶಕ್ಕೆ ಗೊತ್ತು ಬುಡು.'

'ಬಾಯಿ ವಿಚಾರ ನಿಮ್ಮ ವಂಶಕ್ಕೇ ಗೊತ್ತು, ಅದು ದಿಟ' ಎಂದು ಬಸವೇಶ್ ಸುತ್ತಲಿನವರ ಕಡೆ ನೋಡಿದ. ಎಲ್ಲರೂ ನಕ್ಕರು.

ನಗು ಅಶ್ವತ್ಥನಿಗೆ ತಟ್ಟಿತು. ಮೀಸೆಯ ತುದಿ ಮುಟ್ಟಿಕೊಂಡು ಎದ್ದು ನಿಂತ. 'ಓಡ್ಸಿ ನೋಡವ. ನನ್ ಮಾತು ಸುಳ್ಳಾದ್ರೆ ಇದೇ ಟೀ ಅಂಗಡಿ ಮುಂದೆ ಈ ಮೀಸೆ ತಗೀತೀನಿ.'

ಕದಿರಯ್ಯನ ಮೀಸೆಯ ಕಥೆ ಕೇಳದವರು ಅಲ್ಲಿ ಯಾರೂ ಇರಲಿಲ್ಲ. ಬಸವೇಶನ ಮುಖದ ನಗುವೂ ಇಳಿಯಿತು. 'ಮೀಸೆ ಮಾತು ಯಾಕ್ಲಾ, ಒಂದು ಪ್ಲೇಟ್ ಬೋಂಡ ಕಟ್ಟು ಸಾಕು' ಎಂದ. ಆದರೆ ಆಡಿದ ಮಾತು ಆಡಿಯಾಗಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಬಲಸಮುದ್ರದ ಕಡೆ ಹೊರಟರು. ಕೆಂಪಿಯಲ್ಲಿ ಗಂಡ ಹೆಂಡತಿ, ಹಿಂದೆ ಬೈಕಿನಲ್ಲಿ ಬಸವೇಶ್. ಅಲ್ಲಿನ ಸೋಲಾರ್ ಪಾರ್ಕಿನ ಅಂಚಿನಲ್ಲಿ, ಇನ್ನೂ ಕೆಲಸ ಶುರುವಾಗದ ಜಾಗಕ್ಕೆ ಹಾಕಿದ ಒಂದು ನೇರ ರಸ್ತೆಯಿದೆ. ಕುರಿ ಬಿಟ್ಟರೆ ಬೇರೆ ಸಂಚಾರವಿಲ್ಲ. ಕಾವಲಿನವನು ಗಡಿಯ ಕಡೆಯ ತೆಲುಗು ಬೆರೆಸಿ, 'ಪೋನಿ ಲೇ ಸಾರ್, ಹೋಗ್ಲಿ ಬುಡಿ, ಕುರಿ ಬಂದ್ರೆ ಮಾತ್ರ ನಿಲ್ಸಿ' ಎಂದು ಬಿಟ್ಟುಕೊಟ್ಟ.

ಪರೀಕ್ಷೆಯ ಬಗೆಯನ್ನು ಹೇಳಿದವಳು ದಾಸಮ್ಮ. 'ನೀವು ಓಡ್ಸಿದ್ರೆ ನಿಮ್ಮ ಆಸೆ ಓಡ್ಸ್ತದೆ. ನಾನು ಓಡಿಸ್ತೀನಿ. ಯಾವ ಬಾಯಿ ಹಾಕಿದೀರ ಅಂತ ನಂಗೆ ಹೇಳ್ಬ್ಯಾಡಿ' ಎಂದಳು. ರಸ್ತೆ ಬದಿಯ ಬೇವಿನ ಮರದ ತನಕ ನಿಧಾನವಾಗಿ ಬರುವುದು, ಅಲ್ಲಿಂದ ಅದೇ ಗೇರಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ತುಳಿದು ಹಿಡಿಯುವುದು. ವೇಗದ ಮುಳ್ಳು ನೂರು ಮುಟ್ಟಿದ ಕೂಡಲೇ ಪಕ್ಕದಲ್ಲಿ ಕೂತ ಬಸವೇಶ್ ಸುಣ್ಣದ ಪುಡಿಯ ಪೊಟ್ಟಣವನ್ನು ಕಿಟಕಿಯಿಂದ ಬಿಡುವುದು. ಬಲ ಹೆಚ್ಚಾಗಿದ್ದರೆ ಸುಣ್ಣ ಮರಕ್ಕೆ ಹತ್ತಿರ ಬೀಳಬೇಕು. ಕಾರಿನಲ್ಲಿ ಇರುವುದೇ ಎರಡು ಸೀಟು. ಅಶ್ವತ್ಥ ಮರದ ಕೆಳಗೆ ಉಳಿಯಬೇಕಾಯಿತು.

ಅವರಿಬ್ಬರನ್ನೂ ಬೆನ್ನು ತಿರುಗಿಸಿ ನಿಲ್ಲಿಸಿ, ಅವನು ಬಾನೆಟ್ ಎತ್ತಿ ಮೊದಲು ಕಂಪನಿಯದನ್ನು ಕೂರಿಸಿದ. ಕೆಂಪಿ ಗುಡುಗುತ್ತಾ ಹೋಯಿತು. ದೂರದಲ್ಲಿ ಬಿಳಿಯ ಪುಡಿ ಎದ್ದಿತು. ಆಮೇಲೆ ದೊಡ್ಡದನ್ನು ಕೂರಿಸಿದ. ಕೆಂಪಿ ಮತ್ತೆ ಹೋಯಿತು. ಮತ್ತೆ ಬಿಳಿಯ ಪುಡಿ ಎದ್ದಿತು. ಬೇವಿನ ಮರದ ಕೆಳಗಿನಿಂದ ಅದು ಎಲ್ಲಿ ಬಿತ್ತೆಂದು ಸರಿಯಾಗಿ ಕಾಣಲಿಲ್ಲ. ಅಶ್ವತ್ಥನ ಕೈ ತಾನಾಗಿ ಮೀಸೆಗೆ ಹೋಯಿತು.

ತಿರುಗಿ ಬಂದ ದಾಸಮ್ಮ ಇಳಿಯುವ ಮೊದಲೇ, 'ಈ ಸಲ ದೊಡ್ಡ ಬಾಯಿ' ಎಂದಳು.

'ಹೆಂಗ್ ಗೊತ್ತಾತು?' ಅಶ್ವತ್ಥನ ಎದೆ ಅರಳಿತು.

'ಮರದ ತಂಕ ಬರೋವಾಗ್ಲೇ ಗೊತ್ತಾತು. ಬೆರಳು ಮುಟ್ಸಿದ್ರೆ ಸಾಕು, ಚಂಗ್ ಅಂತದೆ.'

'ಕೇಳ್ದೇನ್ಲಾ ಬಸ್ವೇಶ?'

ಬಸವೇಶ್ ರಸ್ತೆಯ ಕಡೆ ಕೈ ತೋರಿಸಿದ. ಮೂವರೂ ನಡೆದುಹೋದರು. ಮೊದಲನೆಯ ಸುಣ್ಣದ ಮೇಲೆಯೇ ಎರಡನೆಯದು ಬಿದ್ದಿತ್ತು. ಒಂದೇ ರಂಗೋಲಿಗೆ ಎರಡು ಸಲ ಕೈಯಾಡಿಸಿದ ಹಾಗಿತ್ತು. ಅಶ್ವತ್ಥ ಒಪ್ಪಲಿಲ್ಲ. ಮತ್ತೆ ಬಿಚ್ಚಿದ, ಮತ್ತೆ ಕೂರಿಸಿದ, ಮತ್ತೆ ಓಡಿಸಿದರು. ಸುಣ್ಣ ಒಂದು ಮಾರು ಅತ್ತ ಬಿತ್ತು, ಒಂದು ಮಾರು ಇತ್ತ ಬಿತ್ತು. ಮರಕ್ಕೆ ದೂರವಾಗಿ ಅತ್ತ ಬಿದ್ದದ್ದೇ ದೊಡ್ಡ ಬಾಯಿಯದು.

ಅಶ್ವತ್ಥ ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ. 'ಕಾಲಿಗೆ ಗೊತ್ತಾಗಿದ್ದು ಸುಣ್ಣಕ್ಕೆ ಯಾಕೆ ಗೊತ್ತಾಗ್ನಿಲ್ಲ?' ಎಂದು ತನಗೆ ತಾನೇ ಕೇಳಿಕೊಂಡ.

ದಾಸಮ್ಮ ಪಕ್ಕದಲ್ಲಿ ಕೂತಳು. 'ನಿಮ್ಮ ಮುತ್ತಾತನ ಕಥೇನ ನೀವು ಅರ್ಧವೇ ಹೇಳ್ಕಂಡು ಬಂದಿದೀರ. ನಮ್ಮತ್ತೆ ಪಟಾಲಮ್ಮ ಪೂರ್ತಿ ಹೇಳೋರು. ಪರ್ವತಯ್ಯ ತೊಗಲು ಕತ್ತರಿಸೋಕೆ ಮುಂಚೆ ಎತ್ತಿನ ಹೆಗಲು ಮುಟ್ಟಿ ನೋಡ್ತಿದ್ನಂತೆ. ಬಡಕಲು ಎತ್ತಾದ್ರೆ ಬಾಯಿ ಸಣ್ಣಕೇ ಇಡ್ತಿದ್ನಂತೆ.'

ಅಶ್ವತ್ಥನಿಗೆ ಕಪಿಲೆಯ ಎತ್ತು ಹೆಜ್ಜೆಯಿಡುವ ಹಾಗೆ ನಿಧಾನವಾಗಿ ಅರ್ಥವಾಗತೊಡಗಿತು. ದೊಡ್ಡ ಮುಚ್ಚಳ ಒಂದಿಷ್ಟೇ ತೆರೆದರೂ ಗಾಳಿ ಜಾಸ್ತಿ ನುಗ್ಗುತ್ತದೆ. ಅದಕ್ಕೇ ಆ ನೆಗೆತ. ಪೂರಾ ತುಳಿದ ಮೇಲೆ ಕೆಂಪಿಯ ಹೊಟ್ಟೆ ಎಷ್ಟು ಹಿಡಿಯುತ್ತದೋ ಅಷ್ಟೇ. ಅಷ್ಟನ್ನು ಕಂಪನಿಯ ಸಣ್ಣ ಬಾಯಿಯೇ ಕೊಡುತ್ತಿತ್ತು. ಹೊಟ್ಟೆಯನ್ನೇ ಹಿಗ್ಗಿಸಿದ ಇಂಜಿನ್ನಿಗಾದರೆ ದೊಡ್ಡ ಬಾಯಿ ಬೇಕಾದೀತು. ಕೆಂಪಿಗೆ ಬೇಡ.

ಅವನಿಗೆ ನಗು ಬಂತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಬಾಯಲ್ಲಿ. 'ನಮ್ ಮುತ್ತಾತ ಎತ್ತು ನೋಡ್ದ, ನಾನು ಪೊಟ್ಟಣ ನೋಡ್ದೆ' ಎಂದು ಎದ್ದ. ಕಂಪನಿಯದನ್ನೇ ಕೂರಿಸಿದ. ಮಡಕಶಿರದ ಕಡೆಯಿಂದ ಬೀಸುವ ಗಾಳಿಯಲ್ಲಿ ಕೆಂಪಿ ಶಿರಾಕ್ಕೆ ಹಿತವಾಗಿ ಓಡಿತು. ಅದರ ಓಟದಲ್ಲಿ ಏನೂ ಕಡಿಮೆಯಾದಂತೆ ಅವನಿಗೆ ಅನ್ನಿಸಲಿಲ್ಲ.

ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಶ್ವತ್ಥ ನೇರ ಒಳಗೆ ಹೋಗಿ ಒಂದು ಲೋಟ ನೀರು ಕೇಳಿದ. ಪಕ್ಕದ ಅಂಗಡಿಯಿಂದ ಸೋಪು, ಬ್ಲೇಡು ತಂದ. ಬಸವೇಶ್ ಬೈಕು ನಿಲ್ಲಿಸಿ ಓಡಿಬಂದು ಅವನ ಕೈ ಹಿಡಿದ.

'ಲೇ, ಹುಚ್ಚುಮುಂಡೇದೆ, ಅದು ನಿಮ್ಮ ತಾತನ ಮೀಸೆ ಕಣೋ. ಎದುರು ಗಾಳಿ ಇತ್ತು, ಲೆಕ್ಕ ಸರಿಯಾಗಿ ಸಿಗ್ನಿಲ್ಲ ಅಂತ ನಾನೇ ಹೇಳ್ತೀನಿ ಎಲ್ಲಾರ್ಗೂ. ನನ್ ಮಾತು ಯಾರೂ ತೆಗೆದಾಕಲ್ಲ. ಸುಮ್ಕೆ ಇರು.'

ಅಶ್ವತ್ಥ ಕಾರಿನ ಪಕ್ಕದ ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು ಬಗ್ಗಿದ. ಮೇಲ್ದುಟಿಗೆ ಸೋಪು ಹಚ್ಚಿಕೊಂಡ. ಅವನ ಕಣ್ಣಲ್ಲಿ ಬೇಸರವಿರಲಿಲ್ಲ.

'ಕೈ ಬುಡ್ಲಾ. ಬ್ಯಾರೆಯೋರು ಇಳ್ಸು ಅಂದಿದ್ಕೆ ನಮ್ ತಾತ ಇಳಿಸ್ನಿಲ್ಲ. ಇದು ಯಾರೋ ಅಂದಿದ್ದಲ್ಲ, ನಾನೇ ಆಡಿದ್ ಮಾತು. ಇನ್ನೆರಡು ತಿಂಗ್ಳಿಗೆ ಬೆಳ್ಕಂತದೆ. ನೀನು ಸುಳ್ಳೂ ಹೇಳ್ಬ್ಯಾಡ, ಕನ್ನಡೀನೂ ಹಿಡೀಬ್ಯಾಡ, ಕೆಂಪಿ ಹಿಡ್ದವ್ಳೆ. ಹೋಗಿ ಮೂರು ಟೀ ಹೇಳು.'