ನನ್ನ ಬಟನ್ ಫೋನಿನ ಹಸಿರು ಗುಂಡಿ

ಹತ್ರ ಬರ್ರಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬಟನ್ ಫೋನು ಯಾಕ ಬೇಕು ಅನ್ನೋರಿಗೆ ಹೇಳಾಕತ್ತೀನಿ. ಮೊನ್ನೆ ಮಸ್ಕಿ ಬಸ್ಸಿನಾಗ ಬಾಜೂಮನಿ ಗಂಗಮ್ಮ, ಕೈಯಾಗ ದೊಡ್ಡ ಫೋನಿದ್ರೂ, “ಚಾರ್ಜ್ ಇಲ್ಲ ಬೇ ಯಕ್ಕಾ” ಅಂತ ನನ್ನ ಫೋನು ಇಸ್ಕೊಂಡು, ಕಿಟಕಿ ಕಡೆ ಮುಖ ಮಾಡಿ ಪಿಸುಗುಟ್ಟಿದಳು. ಆಕಿ ಇಳಿದ ಮ್ಯಾಲ ನಾ ಸುಮ್ನಿರ್ತೀನೇನು? ಹಸಿರು ಗುಂಡಿ ಎರಡು ಸಲ ಒತ್ತಿದೆ, ಆಕಿ ಮಾಡಿದ ನಂಬರಿಗೇ ಮತ್ತ ಫೋನು ಹೋತು.

“ಯವ್ವಾ, ಮತ್ತ್ಯಾಕ ಮಾಡಿದಿ?”

ಓಡಿಹೋಗಿ ಲಗ್ನ ಆದ ಆಕಿ ಮಗಳ ದನಿ! ಸತ್ತಳು ಅಂತ ಗಂಗಮ್ಮನ ಗಂಡ ಎಳ್ಳುನೀರು ಬಿಟ್ಟ ಮಗಳು! ಸಂಜೀಗೆ ಓಣಿ ತುಂಬ ಸುದ್ದಿ.

ಮರುದಿನ ಗಂಗಮ್ಮ ಬಾಗಿಲಿಗೆ ಬಂದು ನನ್ನ ಮುಖಕ್ಕೇ ಅಂದಳು: “ನನ್ನ ಫೋನು ಗಂಡ ದಿನಾ ತಡಕಾಡತಾನ. ನಿನ್ನ ಫೋನು ಬಾಯಿ ಬಿಡಂಗಿಲ್ಲ ಅಂತ ನಂಬಿದ್ದೆ ಯಕ್ಕಾ. ಅದು ಯಾರ ಕೈಯಾಗೈತಿ ಅನ್ನೋದು ಮರತಿದ್ದೆ.”