ವಧುಪರೀಕ್ಷೆಯ ಪ್ಯಾನ್‌ಕೇಕು

ಪ್ಯಾನ್‌ಕೇಕು ಹುಯ್ಯುವವನ ಮುಖವನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ದೋಸೆ ಹುಯ್ಯುವವರು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ತವರಿನ ಸುದ್ದಿ ವಿಚಾರಿಸುತ್ತಾ, ನಡುನಡುವೆ ಗಂಡನನ್ನು ಗದರುತ್ತಾ ಇಪ್ಪತ್ತು ದೋಸೆ ತೆಗೆದು ಪಕ್ಕಕ್ಕಿಟ್ಟುಬಿಡುತ್ತಾರೆ. ಪ್ಯಾನ್‌ಕೇಕಿನವನು ಹಾಗಲ್ಲ, ಉಸಿರು ಬಿಗಿಹಿಡಿದು, ಸೊಂಟ ಬಗ್ಗಿಸಿ, ಅಂಗೈಯಗಲದ ಒಂದು ಹಿಟ್ಟಿನ ವೃತ್ತವನ್ನು ಜಗತ್ತಿನಲ್ಲಿ ಮತ್ತೇನೂ ಉಳಿದಿಲ್ಲವೆಂಬಂತೆ ದಿಟ್ಟಿಸುತ್ತಿರುತ್ತಾನೆ. ಇಷ್ಟು ಅಧಿಕಾರವಾಣಿಯಿಂದ ಹೇಳಲು ನಾನು ಎಷ್ಟು ಜನ ಪ್ಯಾನ್‌ಕೇಕಿನವರನ್ನು ಕಂಡಿದ್ದೇನೆ ಎಂದು ದಯವಿಟ್ಟು ಕೇಳಬೇಡಿ. ಬಳ್ಳಾರಿಯ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳಲ್ಲಿ ಪ್ರತಿಬಿಂಬಿಸುವ ಒಬ್ಬನನ್ನು ಮಾತ್ರ ಬಲ್ಲೆ.

ಮೂವತ್ತು ವರ್ಷ ಕಾಲೇಜಿನಲ್ಲಿ ನವರಸಗಳನ್ನು ಪಾಠ ಹೇಳಿ, ನಿವೃತ್ತನಾದ ಮೇಲೆ ಷಡ್ರಸಗಳತ್ತ ಹೊರಳಿದವನು ನಾನು. ಫೋನಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ದಪ್ಪಗೆ ಉಬ್ಬಿದ ಪ್ಯಾನ್‌ಕೇಕಿನ ಮೇಲೆ ಬೆಣ್ಣೆ ಕರಗಿ ಇಳಿಯುತ್ತಿತ್ತು. ಅಂಗಡಿಯಲ್ಲಿ ಸಿದ್ಧ ಹಿಟ್ಟಿನ ಪೊಟ್ಟಣ ಸಿಗುತ್ತದಂತೆ, ಕತ್ತರಿಸಿ ನೀರು ಬೆರೆಸಿದರಾಯಿತಂತೆ. ಛೆ, ಬೇರೆಯವರ ಟಿಪ್ಪಣಿ ಓದಿ ಪರೀಕ್ಷೆ ಬರೆಯುವ ಹುಡುಗರನ್ನು ಜನ್ಮವಿಡೀ ಬೈದವನು ಆ ಕೆಲಸ ಮಾಡಲಾದೀತೆ? ಮೈದಾ ಜರಡಿ ಹಿಡಿಯುವುದರಿಂದ ಆರಂಭಿಸಿದೆ. ನೀಲಾಳ, ಅಂದರೆ ನನ್ನ ಹೆಂಡತಿಯ, ಅಡುಗೆಮನೆಗೆ ಮೊಟ್ಟೆ ಪ್ರವೇಶವಿಲ್ಲವಾದ್ದರಿಂದ ಅದರ ಬದಲು ಮೊಸರು. ಜೊತೆಗೆ ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಬೇಕಿಂಗ್ ಪೌಡರ್, ಮತ್ತು ಬಳ್ಳಾರಿಯ ಬಿಸಿಲಿಗೆ ತಾನಾಗಿಯೇ ಕರಗಿ ಕೂತ ಬೆಣ್ಣೆ. ಮೊದಲ ದಿನ ಜೋಳದ ರೊಟ್ಟಿಯ ಹಂಚಿನ ಮೇಲೆ ಹುಯ್ದು, ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಹಂಚಿನ ಮರ್ಯಾದೆಯೂ ನನ್ನ ಮರ್ಯಾದೆಯೂ ಒಟ್ಟಿಗೇ ಹೋದವು. ಎಂಟನೆಯ ಭಾನುವಾರಕ್ಕೆ ಹದ ಸಿಕ್ಕಿತು. ತಿಂದು ನೋಡಿದ ನೀಲಾ, "ಮೈದಾ ದೋಸಿ ಐತಿ. ಅದಕ್ಯಾಕ ಇಷ್ಟು ಗದ್ದಲ?" ಎಂದಳು. ವಿಮರ್ಶಕರು ಎಲ್ಲ ಕಾಲದಲ್ಲೂ ಹೀಗೆಯೇ ಎಂದು ನಾನು ಸಮಾಧಾನ ಮಾಡಿಕೊಂಡೆ.

ಈ ವಿದ್ಯೆಯೇ ಮುಂದೆ ನನ್ನನ್ನು ಪೇಚಿಗೆ ಸಿಕ್ಕಿಸಿತು. ನಮ್ಮ ಮಗಳು ಮೇಘನಾ ಸಿರುಗುಪ್ಪದಲ್ಲಿ ಪಶುವೈದ್ಯೆ. ಕಾಲಿಗೆ ಗಾಯವಾದ ಎಮ್ಮೆಯೊಂದನ್ನು ತೋರಿಸಲು ಬಂದಿದ್ದ ಸಿರಿಗೇರಿಯ ವೀರೇಶ ಎಂಬ ಹುಡುಗ, ಎಮ್ಮೆ ಪೂರ್ತಿ ಗುಣವಾದ ಮೇಲೂ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಲಿಲ್ಲ. ಭತ್ತದ ಗದ್ದೆ ನೋಡಿಕೊಳ್ಳುವ, ಮೃದುವಾಗಿ ಮಾತನಾಡುವ ಹುಡುಗ. ಇಬ್ಬರ ಮನಸ್ಸೂ ಕೂಡಿತ್ತು. ಆದರೆ ಅವರ ಮನೆಯಲ್ಲಿ ಹಂಪಮ್ಮ ಎಂಬ ಅಜ್ಜಿ ಇದ್ದರು. ಆ ಅಜ್ಜಿ ಹೂಂ ಅನ್ನದೆ ಅಲ್ಲಿ ಒಂದು ಕರುವನ್ನೂ ಕೊಳ್ಳುವುದಿಲ್ಲವಂತೆ. ಮೊಮ್ಮಗನಿಗೆ ಬಂದ ಎರಡು ಸಂಬಂಧಗಳು ಅವರ ಬಾಯಿಗೆ ರುಚಿಸದೆ ಹಿಂದೆ ಹೋಗಿದ್ದವಂತೆ. ಹೆಣ್ಣು ನೋಡುವ ಶಾಸ್ತ್ರ ಆಗಲೇಬೇಕು, ತಾವೇ ಬರುತ್ತೇವೆ ಎಂದು ಅಜ್ಜಿ ಹೇಳಿಕಳಿಸಿದರು.

ಮೇಘನಾ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಅಪ್ಪಾ, ನಾ ಟ್ರೇ ಹಿಡಿಯಂಗಿಲ್ಲ, ಅವ್ವನೂ ಹಿಡಿಯಂಗಿಲ್ಲ. ನೀನ ಹಿಡಿ. ಅದರಾಗ ಏನಿರತೈತೋ ಅದನ್ನೂ ನೀನ ಮಾಡು." ಸಮಾನತೆಯ ಬಗ್ಗೆ ವೇದಿಕೆಗಳ ಮೇಲೆ ನಾನು ಮಾಡಿದ ಭಾಷಣಗಳನ್ನೆಲ್ಲ ಮುಂದಿನ ಸಾಲಿನಲ್ಲಿ ಕೂತು ಕೇಳಿ ಬೆಳೆದ ಮಗಳು. ಬೇಡವೆನ್ನಲು ನನಗೆ ಬಾಯಿ ಎಲ್ಲಿತ್ತು? ನನ್ನ ಉಪ್ಪಿಟ್ಟು ಗಾರೆ ಕೆಲಸಕ್ಕೆ ಆದೀತು, ಊಟಕ್ಕಲ್ಲ. ಉಳಿದದ್ದು ಪ್ಯಾನ್‌ಕೇಕು ಒಂದೇ.

ಹೋರಿಯ ಮೂಗುದಾರ ಹಿಡಿದು ಇಂಜೆಕ್ಷನ್ ಚುಚ್ಚುವ ಹುಡುಗಿ ಅವರು ಬರುವ ದಿನ ಬೆಳಿಗ್ಗೆ ಮೂರು ಸಲ ಸೀರೆ ಬದಲಿಸಿದ್ದನ್ನು ಕಂಡಾಗಲೇ ನನಗೆ ದಿಗಿಲು ಹತ್ತಿತು. ನನ್ನ ಕೈಯಡುಗೆಯಿಂದ ಇವಳ ಆಸೆಗೆ ಕಲ್ಲು ಬಿದ್ದರೆ? ಹನ್ನೊಂದಕ್ಕೆ ಬರುತ್ತೇವೆಂದಿದ್ದ ಬೀಗರಾಗಬೇಕಾದವರು ಹತ್ತಕ್ಕೇ ಬಂದು, ಗೇಟಿನಲ್ಲಿ ಜೀಪು ನಿಲ್ಲಿಸಿದರು. ವೀರೇಶ, ಅವನ ತಂದೆತಾಯಿ, ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು ಹಂಪಮ್ಮಜ್ಜಿ. ನಾನು ಗಡಿಬಿಡಿಯಲ್ಲಿ ಹಿಟ್ಟು ಕಲೆಸಿದೆ, ಹುಯ್ದೆ, ತಿರುವಿದೆ. ಒಂದೂ ಉಬ್ಬಲೊಲ್ಲದು! ಎಂಟು ಮುಗಿದ ಮೇಲೆ ನೋಡುತ್ತೇನೆ, ಬೇಕಿಂಗ್ ಪೌಡರಿನ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಚಪ್ಪಟೆಯಾಗಿ, ಸಪ್ಪೆ ಮುಖ ಹೊತ್ತು ಮಲಗಿದ್ದ ಅವುಗಳ ಮೇಲೆ ಧಾರಾಳವಾಗಿ ಬೆಣ್ಣೆ, ಜೇನುತುಪ್ಪ ಸುರಿದೆ. ನೀಲಾ ನನ್ನ ಕೈಗೆ ಟ್ರೇ ಕೊಟ್ಟು, ಅಂಗಿಯ ಕಾಲರು ಸರಿಮಾಡಿ, "ತಲಿ ತಗ್ಗಿಸಿ ಹೋಗ್ರಿ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಅಡುಗೆಮನೆಯ ಹೊಸ್ತಿಲಿಂದ ಪಡಸಾಲೆಯ ಕುರ್ಚಿಗಳವರೆಗೆ ಹನ್ನೆರಡು ಹೆಜ್ಜೆ. ಸಾವಿರ ಜನರ ಮುಂದೆ ಮಾತಾಡಿ ಚಪ್ಪಾಳೆ ತೆಗೆದುಕೊಂಡವನು ಒಂದೊಂದು ಹೆಜ್ಜೆಯನ್ನೂ ಎಣಿಸಿ ಇಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಘನಾ ಅತಿಥಿಗಳ ಎದುರಿನ ಸೋಫಾದಲ್ಲಿ ಆರಾಮಾಗಿ ಕೂತಂತೆ ಕಂಡರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹಂಪಮ್ಮಜ್ಜಿ ತಟ್ಟೆ ತೆಗೆದುಕೊಳ್ಳಲಿಲ್ಲ. ಕನ್ನಡಕ ಏರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದನ್ನ ಮಾಡಿದ್ದು ಯಾರ್ರಿ, ಮೇಷ್ಟ್ರ?"

"ನಾನೇ ಅಮ್ಮಾ."

"ಖರೇನ? ಯಾರರ ಮಾಡಿಕೊಟ್ಟಿದ್ದನ್ನ ತಂದೀರೋ ಏನೋ. ಮತ್ತೇನೇನು ಮಾಡಾಕ ಬರತೈತಿ?"

"ಚಹಾ," ಎಂದೆ.

"ಹಾಡು ಬರತೈತೇನ್ರಿ? ಒಂದು ಹಾಡ್ರಿ, ಕೇಳೂಣು."

ಮನೆಯೆಲ್ಲ ಗೊಳ್ಳೆಂದಿತು. ಅಜ್ಜಿಯ ಮುಖದಲ್ಲಿ ಮಾತ್ರ ನಗುವಿಲ್ಲ. ಸಾವಿರಾರು ಪದ್ಯಗಳನ್ನು ಅರೆದು ಕುಡಿದ ಪಂಡಿತನಿಗೆ ಆ ಕ್ಷಣ ಒಂದೇ ಒಂದು ಸಾಲು ನೆನಪಾಗಬಾರದೇ? ಕಿವಿ ಬಿಸಿಯಾಗಿ, ಕಣ್ಣು ನೆಲದ ಮೇಲಿಂದ ಏಳದೆ, ಟ್ರೇ ಹಿಡಿದುಕೊಂಡು ನಿಂತೇ ಇದ್ದೆ.

ನಿಂತಲ್ಲಿಯೇ ನನಗೆ ಕುರುಗೋಡು ನೆನಪಾಯಿತು. ನೀಲಾಳನ್ನು ನೋಡಲು ಅಪ್ಪ, ಸೋದರಮಾವನ ಜೊತೆ ನಾನು ಹೋಗಿದ್ದೆ. ಗುಡ್ಡದ ಬುಡದ ಆ ಮನೆಯಲ್ಲಿ ಅವಳು ತಟ್ಟೆ ಹಿಡಿದು ಬಂದಳು. ಬಾಗಿಲಲ್ಲಿ ಕಂಡಾಗಲೇ ನಾನು ಸೋತುಹೋಗಿದ್ದೆ. ಆದರೂ ಎರಡು ತಟ್ಟೆ ಉಪ್ಪಿಟ್ಟು ಬಾರಿಸಿ, ಬಾಯೊರೆಸಿಕೊಂಡು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಗಂಭೀರವಾಗಿ ಎದ್ದು ಬಂದೆವು. ಗಂಡಿನ ಕಡೆಯವರು ಅವಸರ ಮಾಡಿದರೆ ಹಗುರಾಗುತ್ತೇವೆ ಎಂದು ಮಾವ ಅಂದದ್ದಕ್ಕೆ ನಾನು ಹದಿನೈದು ದಿನ ಕಾಗದವನ್ನೇ ಬರೆಯಲಿಲ್ಲ. ಅದನ್ನೊಂದು ಜಾಣತನವೆಂದುಕೊಂಡಿದ್ದೆ. ಇದಿರು ಕೂತವರ ಒಂದು ಹೂಂಗಾಗಿ ಹೀಗೆ ಬೆವರಿ ನಿಲ್ಲುವುದು ಎಂದರೇನೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ನಾಚಿಕೆಯಾಯಿತು, ನಿಜಕ್ಕೂ ನಾಚಿಕೆಯಾಯಿತು.

ಅಜ್ಜಿ ಕೊನೆಗೆ ತಟ್ಟೆ ತೆಗೆದುಕೊಂಡರು. ಒಂದು ತುಣುಕು ಮುರಿದು ಬಾಯಿಗಿಟ್ಟು, ಇದ್ದ ನಾಲ್ಕು ಹಲ್ಲುಗಳಲ್ಲಿ ಸಾವಕಾಶವಾಗಿ ಆಡಿಸಿದರು. ಸೆರಗು ಸುತ್ತುತ್ತಿದ್ದ ಮೇಘನಾಳ ಬೆರಳು ನಿಂತಿತು. ಇನ್ನೊಂದು ತುಣುಕು, ಮತ್ತೊಂದು. ವೀರೇಶನ ತಂದೆ ಕುರ್ಚಿಯಲ್ಲಿ ಮುಂದೆ ಸರಿದು, "ಆತ್ರಿ ಮೇಷ್ಟ್ರ, ಎಲ್ಲಾ ನೋಡಿದ್ವಿ. ಊರಿಗೆ ಹೋಗಿ..." ಎಂದು ಶುರುಮಾಡಿದರು.

"ನೀ ಸುಮ್ಕಿರಲೇ," ಎಂದು ಮಗನ ಬಾಯಿ ಮುಚ್ಚಿಸಿದ ಅಜ್ಜಿ ಖಾಲಿ ತಟ್ಟೆಯನ್ನು ನನ್ನತ್ತ ಚಾಚಿದರು. "ಬೀಗರ, ಇನ್ನೊಂದು ಹಾಕ್ರಿ. ಮೆತ್ತಗೈತಿ, ನನ್ನ ಹಲ್ಲಿಗೆ ಬಾಗುಂದಿ, ಚಲೋ ಐತಿ."

ಬೀಗರ! ಒಳಗೆ ಬಂದಾಗಿನಿಂದ ಮೇಷ್ಟ್ರು ಮೇಷ್ಟ್ರು ಎನ್ನುತ್ತಿದ್ದ ಬಾಯಿ ಅದು. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ನೀಲಾ ಅಡುಗೆಮನೆಯ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು, ನಾನು ಟ್ರೇಯನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಅವಚಿಕೊಂಡೆ. ಅಜ್ಜಿ ಮೊಮ್ಮಗನ ಕಡೆ ನೋಡದೆ ಮೇಘನಾಳ ಕಡೆ ತಿರುಗಿ, "ನಿನ್ನ ಒಪ್ಪಿಗಿ ಐತೇನವ್ವಾ? ಬಾಯಿ ಬಿಟ್ಟು ಹೇಳು. ನಮ್ಮ ಕಾಲದಾಗ ಯಾರೂ ಕೇಳಲಿಲ್ಲ," ಎಂದರು.

"ಐತಿ ಅಜ್ಜಿ. ಆದ್ರ ಇನ್ನೊಂದು ಹಾಕೋದು ಅಪ್ಪ ಅಲ್ಲ, ಇವ್ರು," ಎಂದು ಮೇಘನಾ ವೀರೇಶನನ್ನು ತೋರಿಸಿದಳು.

ಹುಡುಗ ಅಂಗಿಯ ತೋಳು ಮಡಚಿ ಎದ್ದೇಬಿಟ್ಟ. ಈ ಸಲ ಬೇಕಿಂಗ್ ಪೌಡರ್ ಹಾಕಿ ನಾನು ಹಿಟ್ಟು ಕಲೆಸಿಕೊಟ್ಟೆ. ಅವನು ಹುಯ್ದ ಮೊದಲನೆಯದು ಸಿರುಗುಪ್ಪ ತಾಲ್ಲೂಕಿನ ನಕ್ಷೆಯ ಆಕಾರದಲ್ಲಿ ಹೊರಬಂತು, ತಿರುವುವಾಗ ಎರಡು ಹೋಳಾಯಿತು. ಆದರೂ ದಪ್ಪಗೆ, ಹೂವಿನಷ್ಟು ಹಗುರಾಗಿ ಉಬ್ಬಿತ್ತು. ಅಜ್ಜಿ ತಿಂದು, ಮೊದಲು ಕೊಟ್ಟದ್ದೇ ಚಲೋ ಇತ್ತು ಎಂದು ತೀರ್ಪಿತ್ತರು. ಮೇಘನಾ ಮಾತ್ರ ಆ ಎರಡು ಹೋಳುಗಳಲ್ಲಿ ಒಂದನ್ನು ತಾನು ತೆಗೆದುಕೊಂಡು, ಬೇರೆ ಯಾರಿಗೂ ಕೊಡದೆ ತಿಂದಳು.

ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಅವರು ಜೀಪು ಹತ್ತಿದಾಗ ಇಳಿಹೊತ್ತು. ಮೇಘನಾ ಗೇಟಿನಲ್ಲೇ ನಿಂತಿದ್ದಳು. ನೀಲಾ ಬೆಳಗಿನಿಂದ ಮೊದಲ ಸಲ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಉಳಿದಿದ್ದ ಒಂದು ಪ್ಯಾನ್‌ಕೇಕನ್ನು ತಟ್ಟೆಗೆ ಹಾಕಿಕೊಂಡಳು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಈಗ ತಾನಾಗಿಯೇ ಬಂತು.

"ಹದಿನೈದು ದಿನ ನಿನ್ನ ಸುಮ್ಮನ ಕಾಯಿಸಿದೆ ನೋಡು. ತಪ್ಪಾತು."

"ಹದಿನೇಳು," ಎಂದಳು ನೀಲಾ, ತಲೆಯೆತ್ತದೆ. ಆಮೇಲೆ ತಲೆಯೆತ್ತಿ, ಮುಖ ತುಂಬ ನಕ್ಕಳು. "ಇದು ತಣ್ಣಗಾಗೈತಿ. ಬಿಸೀದೊಂದು ಹಾಕಿ ಕೊಡ್ರಿ."

ಒಲೆ ಹಚ್ಚಿದೆ. ಹುಯ್ದು, ತಿರುವಿ, ಬೆಣ್ಣೆ ಸವರಿ ಕೊಟ್ಟು, ಏನನ್ನುತ್ತಾಳೋ ಎಂದು ಅವಳ ಮುಖವನ್ನೇ ನೋಡುತ್ತಾ ನಿಂತೆ. ಅವಳೇನೂ ಅವಸರ ಮಾಡಲಿಲ್ಲ.